ಆಕ್ಷೇಪಣೆ ಇದ್ದವರು

ಧಾರವಾಡದ ಭೂಕಂಪ ಸಂಶೋಧನೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಆ ರವಿವಾರ ಬೆಳಿಗ್ಗೆ ಇಮ್ಯಾನುಯೆಲ್ ಚಪ್ಪಲಿ ಬಿಟ್ಟು ಲೇಸಿನ ಬೂಟು ಹಾಕಿಕೊಂಡ ಸಂಗತಿಯಿಂದಲೇ ಆರಂಭಿಸಬೇಕಾಗುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೂಟುಗಳು ಅಟ್ಟದ ಮೇಲಿನ ಪೆಟ್ಟಿಗೆಯಿಂದ ಇಳಿದು ಬಂದಿದ್ದವು. ಅವುಗಳೊಳಗೆ ತುರುಕಿದ್ದ ಪತ್ರಿಕೆಯ ಹಾಳೆಗಳಲ್ಲಿ ಯಾವುದೋ ಕಾಲದ ಯಾವುದೋ ಸರಕಾರ ಇನ್ನೇನು ಬೀಳುವುದರಲ್ಲಿತ್ತು. ಅವನು ವರಾಂಡದ ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಅಡ್ಡ ಬಂದರೂ ಬಿಡದೆ ಬಗ್ಗಿ, ಎರಡೂ ಲೇಸುಗಳನ್ನು ಗಂಟಿನ ಮೇಲೆ ಗಂಟು ಹಾಕಿ ಬಿಗಿದ. ಓಡಬೇಕಾಗಿ ಬಂದಾಗ ಚಪ್ಪಲಿ ಕಾಲಿನಿಂದ ಕಳಚಿಕೊಳ್ಳುತ್ತದೆ ಎಂಬುದು ಅವನ ತರ್ಕ. ದೇವಾಲಯದಿಂದ ಓಡುವ ಪ್ರಸಂಗ ಯಾಕೆ ಬರುತ್ತದೆ ಎಂಬುದನ್ನು ಮಾತ್ರ ಅವನು ಹೆಂಡತಿಗೆ ಹೇಳಿರಲಿಲ್ಲ.

"ಮದವಿ ಬರೂ ಶನಿವಾರ ಐತ್ರೀ, ಇವತ್ತಲ್ಲ," ಎಂದಳು ಎಡಿತ್, ಕೀರ್ತನೆ ಪುಸ್ತಕವನ್ನು ಚೀಲಕ್ಕೆ ಹಾಕುತ್ತ. "ಇವತ್ತ ಬರೇ ಓದ್ತಾರ."

"ಗೊತ್ತೈತಿ."

"ಮತ್ತ ಬೂಟ್ ಯಾಕ?"

"ಕಾಲಿಗೆ ರೂಢಿ ಆಗ್ಲಿ ಅಂತ."

"ಶನಿವಾರ ತನಾ ಬಿಚ್ಚೂದ ಇಲ್ಲೇನು ಹಂಗಾರ?" ಮಿಶನ್ ಶಾಲೆಯಲ್ಲಿ ಬಹಳ ವರ್ಷ ಗಣಿತ ಕಲಿಸಿದವಳು ಎಡಿತ್, ತಪ್ಪು ಉತ್ತರ ಕೊಟ್ಟವನನ್ನು ಬೈಯುತ್ತಿರಲಿಲ್ಲ, ಇನ್ನೊಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು.

ಓದುವುದು ಎಂದರೆ ಮದುವೆಯ ಪ್ರಕಟಣೆ. ಅವರ ಕ್ರೈಸ್ತ ಸಭೆಯಲ್ಲಿ ಮದುವೆಗೆ ಮುನ್ನ ಮೂರು ರವಿವಾರ ಆರಾಧನೆಯ ನಡುವೆ ಸಭಾಪಾಲಕರು ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಈ ವಿವಾಹಕ್ಕೆ ಯಾರಲ್ಲಾದರೂ ನ್ಯಾಯವಾದ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಬೇಕು ಎನ್ನುತ್ತಾರೆ. ಉಗುಳು ನುಂಗುವಷ್ಟು ಹೊತ್ತು ಸುಮ್ಮನಿರುತ್ತಾರೆ. ಆ ಮೌನದಲ್ಲಿ ಯಾರೋ ಕೆಮ್ಮುತ್ತಾರೆ, ಹುಡುಗಿಯ ಗೆಳತಿಯರು ಕೆಮ್ಮಿದವನ ಕಡೆ ತಿರುಗಿ ನಗುತ್ತಾರೆ, ಮುಂದಿನ ಕೀರ್ತನೆ ಶುರುವಾಗುತ್ತದೆ. ಇಮ್ಯಾನುಯೆಲ್ ಹುಟ್ಟಿದಾಗಿನಿಂದ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುತ್ತ ಬಂದಿದ್ದ, ಉತ್ತರವನ್ನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಇವತ್ತು ಓದಬೇಕಾದದ್ದು ಅವನ ತಮ್ಮ ಕಾಲೆಬನ ಮಗಳು ಫೇಬಿಯ ಹೆಸರನ್ನು, ಮೂರನೆಯ ಸಲ. ಹುಡುಗ ನತಾನಿಯೇಲ್ ಹುಬ್ಬಳ್ಳಿಯವನು, ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಮಾತು ಕಡಿಮೆ, ಊಟ ಛಲೋ. ಅವನ ಬಗ್ಗೆ ಇಮ್ಯಾನುಯೆಲ್‌ಗೆ ಯಾವ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಮುಗದದ ಬೋರ್‌ವೆಲ್ಲಿನ ಬಗ್ಗೆ.

ಧಾರವಾಡದ ಸಮೀಪದ ಮುಗದದಲ್ಲಿ ಒಬ್ಬರ ಹೊಲದ ಅಂಚಿಗೆ, ನೀರು ಸಾಲದೆಂದು ಬಿಟ್ಟುಬಿಟ್ಟ ಬೋರ್‌ವೆಲ್ಲಿನೊಳಗೆ ಇಮ್ಯಾನುಯೆಲ್‌ನ ಯಂತ್ರವೊಂದು ಇಳಿಬಿದ್ದಿತ್ತು. ನೆಲದಾಳದ ಕಲ್ಲಿನಿಂದ ರೇಡಾನ್ ಎಂಬ ಅನಿಲ ಒಸರುತ್ತದೆ. ಕಲ್ಲು ಒತ್ತಡಕ್ಕೆ ಸಿಕ್ಕಿ ಒಳಗೊಳಗೇ ಬಿರಿದರೆ ಹೆಚ್ಚು ಒಸರುತ್ತದೆ. ದೊಡ್ಡ ಕಂಪನಕ್ಕೆ ಮುಂಚೆ ಕಲ್ಲು ಹಾಗೆ ಬಿರಿಯುತ್ತದೆ. ಆದ್ದರಿಂದ ರೇಡಾನ್ ಏರಿದರೆ ಭೂಕಂಪ ಬರಬಹುದು. ಈ 'ಆದ್ದರಿಂದ' ಎಂಬ ಒಂದು ಪದದ ಮೇಲೆ ಅವನ ಇಡೀ ವೃತ್ತಿಜೀವನ ಕೂತಿತ್ತು, ಬಂಡೆಯ ತುದಿಯಲ್ಲಿ ಕೂತ ಮನುಷ್ಯನ ಹಾಗೆ, ಕಾಲು ಇಳಿಬಿಟ್ಟುಕೊಂಡು. ಕಿಲ್ಲಾರಿಯ ಭೂಕಂಪವಾದಾಗ ಅವನಿನ್ನೂ ಸಂಶೋಧನಾ ವಿದ್ಯಾರ್ಥಿ. ಗುರುಗಳ ಜೀಪಿನಲ್ಲಿ ಹೋಗಿ, ಕಲ್ಲುಮಣ್ಣಿನ ರಾಶಿಯ ನಡುವೆ ಉಪಕರಣ ಹೂಡುತ್ತಿದ್ದಾಗ, ಒಬ್ಬ ಮುದುಕಿ ಬಂದು ಅದನ್ನೂ ಅವನನ್ನೂ ಬಹಳ ಹೊತ್ತು ನೋಡಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, "ಇದನ್ನ ಹೋದ ವಾರ ತರಬೇಕಿತ್ತಲ್ಲೋ ಬಾಳಾ," ಅಂದಿದ್ದಳು. ಬೈಗುಳವಾಗಿದ್ದರೆ ಮರೆಯಬಹುದಿತ್ತು. ತಡವಾಗಿ ಬಂದ ನೆಂಟನಿಗೆ ಹೇಳುವಷ್ಟು ಮೆತ್ತಗೆ ಹೇಳಿದ್ದಳು. ಆವತ್ತಿನಿಂದ ಅವನು ಹೋದ ವಾರವನ್ನು ಹಿಡಿಯಲು ಹೊರಟಿದ್ದ. ಹಿಡಿದೂ ಇದ್ದ, ಆದರೆ ಯಾವಾಗಲೂ ಮುಂದಿನ ವಾರ: ಎಲ್ಲಿಯೋ ನೆಲ ನಡುಗಿದ ಮೇಲೆ ತನ್ನ ಅಂಕಿಗಳನ್ನು ಹಿಂದಕ್ಕೆ ತಿರುವಿ, ನೋಡಿ, ಇಲ್ಲಿ ಏರಿತ್ತು ಎಂದು ಪ್ರಬಂಧ ಬರೆಯುತ್ತಿದ್ದ. ಪ್ರಬಂಧಗಳು ಅಚ್ಚಾದವು, ಬಡ್ತಿ ಬಂತು, ಸೆಮಿನಾರುಗಳಲ್ಲಿ ಹೂಗುಚ್ಛ ಸಿಕ್ಕಿತು. ವಿಶ್ವವಿದ್ಯಾಲಯದಲ್ಲಿ ಅವನದೇ ವಿಭಾಗದ ತ್ರ್ಯಂಬಕ, ಭೂಕಂಪದ ಮುನ್ಸೂಚನೆ ಸಾಧ್ಯವೇ ಇಲ್ಲವೆಂದು ನಂಬಿ ನಿಶ್ಚಿಂತೆಯಿಂದ ತಬಲಾ ನುಡಿಸಿಕೊಂಡಿದ್ದವನು, ಅಂಥ ಒಂದು ಸೆಮಿನಾರಿನಲ್ಲಿ ವಂದನಾರ್ಪಣೆಗೆ ಎದ್ದು, "ಆಗಿ ಹೋದದ್ದನ್ನ ಮೊದಲ ಹೇಳೂದ್ರಾಗ ನಮ್ಮ ಇಮ್ಯಾನುಯೆಲ್ ಅವರನ್ನ ಮೀರಿಸವರು ಭಾರತದಾಗ ಇಲ್ಲ," ಅಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅದು ಹೊಗಳಿಕೆಯೆಂದು ತಿಳಿದು ಎಡಿತ್ ಕೂಡ ತಟ್ಟಿದ್ದಳು. ಅಥವಾ ಕುಹಕವೆಂದು ತಿಳಿದೇ ತಟ್ಟಿದ್ದಳೇನೋ. ಅವನು ಇವತ್ತಿಗೂ ಕೇಳಿರಲಿಲ್ಲ.

ಈಗ ಮುಗದದಲ್ಲಿ ರೇಡಾನ್ ಏರಿತ್ತು. ಏರಿದ ರೀತಿ, ತಟಸ್ಥವಾಗಿ ನಿಂತ ರೀತಿ, ಮತ್ತೆ ಏರಿದ ರೀತಿ, ಎಲ್ಲವೂ ಅವನ ಅತ್ಯುತ್ತಮ ಪ್ರಬಂಧದ ಮೂರನೆಯ ಚಿತ್ರದ ತದ್ರೂಪು. ಹಿಂದಿನ ದಿನ, ಶನಿವಾರ, ಅವನು ತ್ರ್ಯಂಬಕನಿಗೆ ಫೋನು ಮಾಡಿದ್ದ, ಮಾಡಬಾರದಿತ್ತು.

"ಎಲ್ಲಿ ಆಗ್ತದ?" ಎಂದು ಕೇಳಿದ್ದ ತ್ರ್ಯಂಬಕ.

"ಇಲ್ಲೇ, ಸುತ್ತಮುತ್ತ."

"ಯಾವಾಗ?"

"ಬರೂ ಶನಿವಾರದ ಆಚೀಚೆ."

"ಎಷ್ಟ್ ದೊಡ್ಡದು?"

"ಐದು. ಹೆಚ್ಚೂಕಡಿಮಿ."

"ಆಚೀಚೆ, ಸುತ್ತಮುತ್ತ, ಹೆಚ್ಚೂಕಡಿಮಿ," ಎಂದು ತ್ರ್ಯಂಬಕ ಮೂರನ್ನೂ ತಾಳ ಹಾಕಿದ ಹಾಗೆ ಹೇಳಿದ. "ಅಲ್ಲೋ ಮಾರಾಯಾ, ನಿಮ್ಮ ಫೇಬಿ ಲಗ್ನಪತ್ರಿಕಾ ನಿನ್ನ ವಿಜ್ಞಾನಕ್ಕಿಂತ ಖಡಕ್ ಅದ. ಎಲ್ಲಿ, ಯಾವಾಗ, ಊಟ ಎಷ್ಟಕ್ಕ, ಎಲ್ಲಾ ಬರದಾರ. ಮುಗದದಾಗ ಈ ವಾರ ಮಳಿ ಆಗೇದೋ ಇಲ್ಲೋ? ಮ್ಯಾಲಿನ ಮಣ್ಣು ತೊಯ್ದು ಮುಚ್ಚಳ ಹಾಕಿಧಾಂಗ ಆಗಿರ್ತದ, ಕೆಳಗ ಗ್ಯಾಸ್ ತುಂಬಕೊಂಡದ. ಸುಮ್ನ ಮದಿವಿ ಊಟಾ ಮಾಡು."

ಮಳೆ ಆಗಿತ್ತು. ಮಳೆಯನ್ನು ಲೆಕ್ಕದಿಂದ ಕಳೆಯುವ ಸೂತ್ರ ಅವನ ಬಳಿ ಇತ್ತು. ಅದನ್ನು ಕಂಡುಹಿಡಿದವನೂ ಅವನೇ ಆದ್ದರಿಂದ ಅದರ ಮೇಲೆ ಅವನಿಗೆ ಪೂರ್ತಿ ನಂಬಿಕೆ ಇರಲಿಲ್ಲ.

ದೇವಾಲಯದೊಳಗೆ ಅವನು ಎಡಿತ್‌ಳ ಪಕ್ಕದಲ್ಲಿ ಕೂತು ಮೇಲೆ ನೋಡಿದ. ನೋಡಬಾರದೆಂದುಕೊಂಡೇ ಬಂದಿದ್ದ. ಹಳೆಯ ಕಾಲದ ಸಾಗವಾನಿ ತೊಲೆಗಳು, ಅವುಗಳ ಮೇಲೆ ಹೆಂಚು, ಗೋಡೆಗಳು ಕಲ್ಲಿನವು, ದಪ್ಪ, ಆದರೆ ಮೂಲೆಗಳಲ್ಲಿ ಒಂದಕ್ಕೊಂದು ಕಚ್ಚಿಕೊಂಡಿರಲಿಲ್ಲ. ಕಟ್ಟಿದವರು ಪ್ರಾರ್ಥನೆಯ ಮೇಲೆ ಭಾರ ಹಾಕಿದ್ದರು. ಸಭೆಯವರು ಮಾತ್ರ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಕಾಂಪೌಂಡು ಗೋಡೆ ಬಿರುಕು ಬಿಟ್ಟಾಗ, ಅವನನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು: "ಭೂಕಂಪದ್ದಲ್ಲ ಹೌದಲ್ರಿ?" ಅಲ್ಲ ಎಂದು ಹೇಳಿ ಅವನು ಚಹಾ ಕುಡಿದು ಬರುತ್ತಿದ್ದ. ಊರಿಗೆ ಅವನ ವಿದ್ಯೆಯಿಂದ ಆದ ಉಪಯೋಗ ಅಷ್ಟು. ಈಗ ಅವನ ಕಣ್ಣು ತಾನಾಗಿ ತೊಲೆಯಿಂದ ತೊಲೆಗೆ ಹೋಗಿ, ಪ್ರತಿಯೊಂದೂ ಎಲ್ಲಿ ಬೀಳುತ್ತದೆಂದು ಗುರುತು ಹಾಕತೊಡಗಿತು. ಶನಿವಾರ ಫೇಬಿ ನಿಲ್ಲುವ ಜಾಗ ಅಲ್ಲಿ, ವೇದಿಯ ಮುಂದೆ. ಅದರ ನೆತ್ತಿಗೆ ಸರಿಯಾಗಿ ನಡುತೊಲೆ. ಫೇಬಿ ಚಿಕ್ಕವಳಿದ್ದಾಗ ಅವನ ತೊಡೆಯ ಮೇಲೆ ಕೂತು, ದೊಡ್ಡಪ್ಪಾ ಅಲುಗಾಡಸು, ಅನ್ನುತ್ತಿದ್ದಳು. ಅವನು ಮೊಣಕಾಲು ನಡುಗಿಸಿ, ಇದು ಮೂರು, ಇದು ನಾಲ್ಕು, ಇದು ಐದು ಎನ್ನುತ್ತಿದ್ದ. ಐದಕ್ಕೆ ಅವಳು ಕಿರುಚಿ ನೆಲಕ್ಕೆ ಬೀಳುವ ಆಟ. ಆರು ಮಾಡು ಆರು ಮಾಡು ಎಂದು ಹಟ. ಸಭೆ ಪ್ರಾರ್ಥನೆಗೆ ತಲೆಬಾಗಿತು. ಅವನೂ ಬಾಗಿದ. ಕರ್ತನೇ, ಎಂದು ಶುರುಮಾಡಿದ, ಎಲ್ಲರನ್ನೂ ಕಾಪಾಡು. ಆಮೇಲೆ, ಹೇಗೋ, ಆ ಪ್ರಾರ್ಥನೆ ಮುಂದುವರಿಯಿತು: ಆದರೆ ಒಂದು ಆಗಲಿ. ದೊಡ್ಡದಲ್ಲ. ನಾಲ್ಕೂವರೆ ಸಾಕು. ಜನವಿಲ್ಲದ ಯಾವುದಾದರೂ ಗುಡ್ಡದ ಕೆಳಗೆ ಆಗಲಿ, ಒಂದು ದನ ಕೂಡ ಎದ್ದು ನಿಲ್ಲದಷ್ಟು ಮೆಲ್ಲಗೆ, ಆದರೆ ಅಂಕಿಗಳಿಗೆ ಕಾಣುವಷ್ಟು. ನಿವೃತ್ತಿಗೆ ಮುಂಚೆ ಒಂದೇ ಒಂದು. ಅವನು ಬೆಚ್ಚಿ ಕಣ್ಣು ಬಿಟ್ಟ. ಎಲ್ಲರ ತಲೆಗಳೂ ಬಾಗಿದ್ದವು. ತಾನು ದೇವರ ಮನೆಯಲ್ಲಿ ಕೂತು ಭೂಕಂಪಕ್ಕೆ ಪ್ರಾರ್ಥಿಸಿದೆನೆಂಬುದು ಅರ್ಥವಾಗಿ ಅವನ ಕಿವಿಗಳು ಬಿಸಿಯಾದವು. ತಕ್ಷಣ ಅದನ್ನು ಹಿಂತೆಗೆದುಕೊಂಡ. ಆದರೆ ಮೇಲೆ ಹೋದ ಪ್ರಾರ್ಥನೆ ಮತ್ತು ಕೆಳಗಿಂದ ಬಂದ ಅಲೆ, ಎರಡನ್ನೂ ಹಿಂದಕ್ಕೆ ಕರೆಯುವ ವಿಧಾನ ಅವನಿಗೆ ಗೊತ್ತಿರಲಿಲ್ಲ.

ಆಮೆನ್ ಆಯಿತು. ಸಭಾಪಾಲಕರು ಕನ್ನಡಕ ಏರಿಸಿಕೊಂಡು ಹೆಸರುಗಳನ್ನು ಓದಿದರು. ಮುಂದಿನ ಬೆಂಚಿನಲ್ಲಿ ಫೇಬಿಯ ಕತ್ತು ಕೆಂಪಾದದ್ದು ಕಂಡಿತು. ಸುಮ್ಮನೆ ಕೂಡಬೇಕೆಂದು ಇಮ್ಯಾನುಯೆಲ್ ತೀರ್ಮಾನಿಸಿದ್ದ; ಮೂರು ದಿನ ಸುತ್ತಿ ಬಳಸಿ ಅವನು ಮುಟ್ಟಿದ್ದ ತೀರ್ಮಾನ ಅದು, ಸಾಕ್ಷ್ಯ ಸಾಲದು ಎಂಬ ಗೌರವದ ತೀರ್ಮಾನ. ಹೇಳಿ ಆಗದಿದ್ದರೆ ನಗೆಪಾಟಲು, ಹೇಳದೆ ಆಗದಿದ್ದರೆ ಏನೂ ಇಲ್ಲ, ಹೇಳದೆ ಆದರೆ... ಇಲ್ಲಿ ಅವನ ಬುದ್ಧಿ ಪ್ರತಿ ಸಲವೂ ಬೇರೆ ಕಡೆ ತಿರುಗಿಬಿಡುತ್ತಿತ್ತು. "ಈ ವಿವಾಹಕ್ಕೆ ಯಾರಲ್ಲಾದರೂ ನ್ಯಾಯವಾದ ಆಕ್ಷೇಪಣೆ ಇದ್ದರೆ," ಎಂದರು ಸಭಾಪಾಲಕರು. ಈ ಸಲ ಬುದ್ಧಿ ತಿರುಗಲಿಲ್ಲ. ಹೇಳದೆ ಆದರೆ ಏನಾಗುತ್ತದೆಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತು: ತೊಲೆಯಲ್ಲ, ಹೆಂಚಲ್ಲ, ಒಂದು ಪ್ರಬಂಧ. ಅದರ ಮೊದಲ ವಾಕ್ಯ ಆಗಲೇ ಸಿದ್ಧವಾಗಿತ್ತು. 'ಧಾರವಾಡದ ದೇವಾಲಯವೊಂದರ ಕುಸಿತಕ್ಕೆ ಒಂದು ವಾರ ಮುನ್ನವೇ ಮುಗದದ ಬಾವಿಯಲ್ಲಿ ರೇಡಾನ್ ಪ್ರಮಾಣ ಗಮನಾರ್ಹವಾಗಿ ಏರಿತ್ತೆಂಬುದನ್ನು ಪ್ರಸ್ತುತ ಲೇಖಕನು...' ವಾಕ್ಯ ಚೆನ್ನಾಗಿತ್ತು. ತಾನು ಅದನ್ನು ಬರೆಯುತ್ತೇನೆ, ಅಳುತ್ತ ಬರೆಯುತ್ತೇನೆ, ಆದರೆ ಬರೆಯುತ್ತೇನೆ ಎಂಬುದು ಅವನಿಗೆ ಗೊತ್ತಾಯಿತು. ಅಷ್ಟರಲ್ಲಿ ಅವನು ಎದ್ದು ನಿಂತಿದ್ದ.

ಬೆಂಚು ಕಿರುಗುಟ್ಟಿತು. ಕೆಮ್ಮಬೇಕಾದವನು ಕೆಮ್ಮಲಿಲ್ಲ. ಇಡೀ ಸಭೆ ತಿರುಗಿ ಅವನನ್ನು ನೋಡಿತು. ಎಡಿತ್ ಅವನ ಕೋಟಿನ ತುದಿ ಹಿಡಿದು ಒಮ್ಮೆ ಎಳೆದು, ಬಿಟ್ಟಳು. ಫೇಬಿ ತಿರುಗಿದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ, ಮತ್ತು ಆಗ, ಎದ್ದು ನಿಂತ ಮೇಲೆ, ಅವನಿಗೆ ಹೊಳೆಯಿತು: ಇಲ್ಲಿ ಈ ಹೊತ್ತಿನಲ್ಲಿ ಎದ್ದವನು ಹುಡುಗನಿಗೆ ಇನ್ನೊಬ್ಬ ಹೆಂಡತಿ ಇದ್ದಾಳೆಂದೋ, ಹುಡುಗಿಗೆ ಇನ್ನೇನೋ ಇದೆಯೆಂದೋ ಹೇಳಲು ಎದ್ದಿರುತ್ತಾನೆ. ಬೇರೆ ಯಾವುದಕ್ಕೂ ಆ ಪ್ರಶ್ನೆಯಲ್ಲಿ ಜಾಗವಿರಲಿಲ್ಲ.

ಸಭಾಪಾಲಕರು ಕನ್ನಡಕ ತೆಗೆದರು. ಅವರ ಸೇವಾವಧಿಯಲ್ಲಿ ಇಂಥದ್ದಕ್ಕೆ ಅಭ್ಯಾಸವಿರಲಿಲ್ಲ. "ಇಮ್ಯಾನುಯೆಲ್ ಅಣ್ಣಾರ... ಆಕ್ಷೇಪಣೆ ಹುಡುಗನ ಮ್ಯಾಲಿಂದೋ, ಹುಡುಗಿ ಮ್ಯಾಲಿಂದೋ?"

"ಎರಡೂ ಅಲ್ರಿ," ಎಂದ ಇಮ್ಯಾನುಯೆಲ್. "ನೆಲದ ಮ್ಯಾಲಿಂದು."

ಆಮೇಲೆ ಅವನು ಹೇಳಿದ. ಶನಿವಾರ, ಧಾರವಾಡ, ಐದು. ಆಚೀಚೆ, ಸುತ್ತಮುತ್ತ, ಹೆಚ್ಚೂಕಡಿಮೆ ಎಂಬ ಮೂರನ್ನೂ ಬಿಟ್ಟು ಹೇಳಿದ. ಹೇಳುವಾಗ ತನ್ನ ಧ್ವನಿ ತನಗೇ ಇಷ್ಟವಾಯಿತು, ಅದೂ ಅವನಿಗೆ ಗೊತ್ತಾಗಿ ನಾಚಿಕೆಯಾಯಿತು. ಮದುವೆಯನ್ನು ಹೊರಗೆ ಮೈದಾನದಲ್ಲಿ ಪೆಂಡಾಲು ಹಾಕಿ ಮಾಡಬೇಕೆಂದು ಸಲಹೆ ಕೊಟ್ಟ. ಸಭೆಯಲ್ಲಿ ಒಂದು ದೊಡ್ಡ ಉಸಿರು ಹೊರಬಿತ್ತು, ಭಯದ್ದಲ್ಲ, ಇಷ್ಟೇ ಏನು ಎಂಬ ಉಸಿರು. ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಬೆಂಚಿನಿಂದ ಕಾಲೆಬ ತಿರುಗಿ, ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಅಣ್ಣಾ, ಕೂಡು," ಅಂದ. "ಇದು ನ್ಯಾಯವಾದ ಆಕ್ಷೇಪಣೆ ಅಂತ ತಗೊಳ್ಳಾಕ ಬರಂಗಿಲ್ರಿ," ಎಂದರು ಸಭಾಪಾಲಕರು ಬಹಳ ವಿಚಾರ ಮಾಡಿ, ಮತ್ತು ಕೀರ್ತನೆಯ ಸಂಖ್ಯೆ ಹೇಳಿದರು. ಎಡಿತ್ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು.

ಹೊರಗೆ ಅಂಗಳದಲ್ಲಿ ಜನ ಅವನನ್ನು ಸುತ್ತಿಕೊಂಡರು. ಹೆದರಿದವರು ಒಬ್ಬರೂ ಇರಲಿಲ್ಲ. ನಾಳೆ ಮಳೆಯೇ ಎಂದು ಕೇಳುವ ಧಾಟಿಯಲ್ಲಿ ಕೇಳಿದರು: ಮುಂಜಾನೆಯೋ ಸಂಜೆಯೋ, ಫ್ರಿಜ್ಜು ಬಂದ್ ಮಾಡಬೇಕೋ, ಕೆಲಗೇರಿ ಕಡೆಗೂ ಬರುತ್ತದೋ. ಮದುವೆಯ ಅಡುಗೆ ವಹಿಸಿಕೊಂಡಿದ್ದ ಶಾಬುದ್ದೀನ ಒಲೆ ಹೂಡುವ ಜಾಗ ನೋಡಲು ಬಂದವನು, ಸುದ್ದಿ ಕೇಳಿ ಹತ್ತಿರ ಬಂದು ವಿನಯದಿಂದ, "ಸಾಹೇಬ್ರ, ಬಿರ್ಯಾನಿ ಹಂಡೇವು ಇಳಿಸಿದ ಮ್ಯಾಲೆ ಆಗತೈತೋ, ಮೊದಲೋ? ದಮ್ ಕೊಟ್ಟಾಗ ಅಲುಗಾಡಿದ್ರ ಅನ್ನಾ ಮುದ್ದಿ ಆಗತೈತ್ರಿ," ಎಂದ. ಅವನು ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ಎಂಬುದು ಇಮ್ಯಾನುಯೆಲ್‌ಗೆ ತಿಳಿಯಲಿಲ್ಲ. ಜೀವನದಲ್ಲಿ ಮೊದಲ ಬಾರಿ ಮುನ್ಸೂಚನೆ ಕೊಟ್ಟವನಿಗೆ ಏನೋ ಆಗಬೇಕಿತ್ತು, ಎದೆ ಹಗುರವಾಗಬೇಕಿತ್ತು. ಹಸಿವಾಗುತ್ತಿತ್ತು, ಅಷ್ಟೇ.

ಭೂಕಂಪದಲ್ಲಿ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ವೇಗದ್ದು, ಬರೀ ತಳ್ಳುತ್ತದೆ. ಎರಡನೆಯದು ನಿಧಾನ, ಏನಾಯಿತೆಂಬುದು ಅದು ಬಂದ ಮೇಲೆಯೇ ಗೊತ್ತಾಗುವುದು. ಇದನ್ನು ಅವನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದ. ಆ ರವಿವಾರ ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಸುದ್ದಿಯೂ ಹಾಗೆಯೇ ಹೋಯಿತು. ಹುಡುಗಿಯ ದೊಡ್ಡಪ್ಪ ದೇವಾಲಯದಲ್ಲಿ ಎದ್ದು ನಿಂತು ಆಕ್ಷೇಪಣೆ ಮಾಡಿದ ಎಂಬುದು, ಯಾರದೋ ಮೊಬೈಲಿನಿಂದ, ಕೀರ್ತನೆ ಮುಗಿಯುವ ಮೊದಲೇ ಹುಬ್ಬಳ್ಳಿಯ ಬೀಗರ ಮನೆ ಮುಟ್ಟಿತ್ತು. ಯಾತಕ್ಕೆ ಎಂಬುದು ಇನ್ನೂ ದಾರಿಯಲ್ಲಿತ್ತು. ನಡುವಿನ ಆ ಹೊತ್ತಿನಲ್ಲಿ ಅಲ್ಲಿ ಏನೇನು ಬಿರಿಯಿತೋ. ಅಂಗಳದ ಹುಣಸೆಮರದ ಕೆಳಗೆ ಕಾಲೆಬನ ಫೋನು ಬಡಿದುಕೊಳ್ಳತೊಡಗಿತು. ಅವನು ಕೇಳಿದ, ಹೌದ್ರಿ ಅಂದ, ಇಲ್ರಿ ಅಂದ, ಹಣೆ ಒರೆಸಿಕೊಂಡ, ಕಡೆಗೆ ಫೋನನ್ನು ಅಣ್ಣನ ಮುಂದೆ ಹಿಡಿದ. "ಬೀಗತ್ಯಾರು. ನಿನ್ನ ಕೂಡ ಮಾತಾಡಬೇಕಂತ. ಎಲ್ಲಾರಿಗೂ ಕೇಳೂ ಹಂಗ ಹಚ್ಚು ಅಂದ್ರು."

ಹುಡುಗನ ತಾಯಿ ನಿವೃತ್ತ ಮುಖ್ಯೋಪಾಧ್ಯಾಯಿನಿ. ಫೋನಿನಲ್ಲೂ ಅವರು ಎದ್ದು ನಿಂತೇ ಮಾತಾಡುತ್ತಿದ್ದಾರೆಂದು ಅನ್ನಿಸುತ್ತಿತ್ತು.

"ಒಂದ ಮಾತು ಕೇಳ್ತೇನ್ರಿ ಸರ್. ನಮ್ಮ ಹುಡುಗನ ಮ್ಯಾಲೆ ನಿಮಗ ಏನರೆ ಸಂಶಯ ಐತೇನು?"

"ಇಲ್ರಿ! ಬಂಗಾರದಂಥಾ ಹುಡುಗ ಅವ."

"ಹಂಗಾರ ಖರೇನ ಭೂಕಂಪದ್ದ ಮಾತು?"

"ಹೌದ್ರಿ. ಅಂದ್ರ, ಒಂದು ಸಾಧ್ಯತಾ..."

"ಸಾಧ್ಯತಾ ಬ್ಯಾಡ್ರಿ, ಮೈದಾನದಾಗಿನ ಪೆಂಡಾಲೂ ಬ್ಯಾಡ್ರಿ. ನಾವು ಬಸ್ ತುಂಬ ಹಿರ್ಯಾರನ್ನ ಕರಕೊಂಡ ಬರಾವ್ರು. ಆಗತೈತಿ ಅಂದ್ರ ಆಗತೈತಿ ಅನ್ರಿ, ಮದವಿ ಮುಂದ ಹಾಕೂಣು. ಆದ್ರ ಖರೇ ಹೇಳ್ತೇನಿ, ಆಕ್ಷೇಪಣೆ ಎದ್ದು ಮುಂದ ಹೋದ ಮದವಿ ಮತ್ತ ಆಗೂದು ನಾ ಅಂತೂ ಕಂಡಿಲ್ಲ. ನಮ್ಮ ಮಂದಿ ಬಾಯಿ ನಿಮಗ ಗೊತ್ತೈತಿ. ಆಗಂಗಿಲ್ಲ ಅಂದ್ರ ಅದನ್ನರೆ ಬಾಯಿ ಬಿಟ್ಟು ಹೇಳ್ರಿ. ಪ್ರೊಫೆಸರ್ ಆಗಿ ಹೇಳ್ರಿ, ದೊಡ್ಡಪ್ಪ ಆಗಿ ಅಲ್ಲ."

ಫೇಬಿ ಎರಡು ಹೆಜ್ಜೆ ಆಚೆ ನಿಂತಿದ್ದಳು. ಅಳುತ್ತಿರಲಿಲ್ಲ. ಅವನ ಕಡೆ ನೋಡುತ್ತ, ಬೇರೆ ಯಾರಿಗೂ ಕೇಳದಷ್ಟು ಸಣ್ಣಗೆ, "ದೊಡ್ಡಪ್ಪಾ," ಅಂದಳು. ಅಷ್ಟೇ ಅಂದಳು.

ಇಮ್ಯಾನುಯೆಲ್ ಫೋನನ್ನು ನೋಡಿದ. ಮುಗದದ ಗೆರೆ ಅವನ ಕಣ್ಣಮುಂದೆ ಏರುತ್ತಲೇ ಇತ್ತು, ಸುಂದರವಾಗಿ. ಜೀವಮಾನವೆಲ್ಲ ಕಾದು, ಸಾಕ್ಷಿಗಳ ಮುಂದೆ, ಊರು ದಿನ ಪ್ರಮಾಣ ಮೂರನ್ನೂ ಹೆಸರಿಸಿ ಹೇಳಿದ ಮಾತು. ಅದಕ್ಕೆ ಇನ್ನೂ ಒಂದು ಗಂಟೆ ತುಂಬಿರಲಿಲ್ಲ. ಹಿಂತೆಗೆದುಕೊಂಡು ಶನಿವಾರ ನೆಲ ನಡುಗಿದರೆ, ಭೂಕಂಪವನ್ನು ಮುಂಚೆ ಹೇಳಿ, ಮುಂಚೆಯೇ ಅಲ್ಲಗಳೆದವನೆಂದು ಜಗತ್ತಿನಲ್ಲಿ ಅವನೊಬ್ಬನೇ ಉಳಿಯುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಹಿಂತೆಗೆದುಕೊಂಡರೆ ಫೇಬಿ ಆ ತೊಲೆಯ ಕೆಳಗೆ ನಿಲ್ಲುತ್ತಾಳೆ. ಹಿಂತೆಗೆದುಕೊಳ್ಳದಿದ್ದರೆ ಅವಳು ಎಲ್ಲಿಯೂ ನಿಲ್ಲುವುದಿಲ್ಲ. ಸಾಕ್ಷ್ಯ ಸಾಲದು ಎನ್ನಬಹುದಿತ್ತು. ಅದು ಸತ್ಯವೂ ಆಗಿತ್ತು. ಆದರೆ ಅದು ಬೀಗತಿಯ ಎರಡು ಉತ್ತರಗಳಲ್ಲಿ ಇರಲಿಲ್ಲ. ಮತ್ತು 'ಆಗುವುದಿಲ್ಲ' ಎನ್ನುವುದು ಸುಮ್ಮನೆ ಬಾಯಿ ಮುಚ್ಚಿಕೊಳ್ಳುವುದಲ್ಲ, ಅದೂ ಒಂದು ಮುನ್ಸೂಚನೆಯೇ, ಊರು ಇದೆ, ದಿನ ಇದೆ, ಪ್ರಮಾಣ ಸೊನ್ನೆ. ದಿನಾ ಎದ್ದು ಇವತ್ತ ಆಗೂದಿಲ್ಲ ಅಂತ ಹೇಳು, ಸಾಯೂತನಾ ನೀನ ಖರೇ ಆಗ್ತೀ ಎಂದು ತ್ರ್ಯಂಬಕ ಕ್ಯಾಂಟೀನಿನಲ್ಲಿ ಅನ್ನುತ್ತಿದ್ದ. ಅಂಥ ಅಗ್ಗದ ಗೆಲುವು ಬೇಡವೆಂದೇ ಅವನು ಇಷ್ಟು ವರ್ಷ ಸೋತಿದ್ದ. ಅವನಿಗೆ ನಗು ಬಂದಂತಾಯಿತು, ಬರಲಿಲ್ಲ. ಪಕ್ಕದಲ್ಲಿ ಎಡಿತ್ ಬಂದು ನಿಂತಿದ್ದಳು. ಅವಳು ಈ ಸಲ ಪ್ರಶ್ನೆ ಕೇಳಲಿಲ್ಲ.

"ಆಗಂಗಿಲ್ರಿ," ಎಂದ ಇಮ್ಯಾನುಯೆಲ್.

"ಪೂರಾ ಹೇಳ್ರಿ ಸರ್. ಇಲ್ಲೆ ಎಲ್ಲಾರೂ ಕೇಳಾಕತ್ತಾರ."

ಅವನು ಗಂಟಲು ಸರಿಮಾಡಿಕೊಂಡ. "ಬರೂ ಶನಿವಾರ ಧಾರವಾಡದಾಗ ಭೂಕಂಪ ಆಗಂಗಿಲ್ಲ. ನಾ ಹೇಳಾಕತ್ತೇನಿ. ಪ್ರೊಫೆಸರ್ ಇಮ್ಯಾನುಯೆಲ್."

"ಛಲೋ ಆತ್ರಿ," ಎಂದಿತು ಫೋನು. "ಹಂಗಾರ ನಾವು ಲಗೂ ಬರ್ತೇವಿ, ನಾಷ್ಟಾಕ್ಕ ಅಲ್ಲೇ."

ಶನಿವಾರ ಹುಬ್ಬಳ್ಳಿಯಿಂದ ಬಸ್ಸು ತುಂಬ ಜನ ಬಂದರು. ಫೇಬಿಯ ಮದುವೆ ದೇವಾಲಯದೊಳಗೆ ಆಯಿತು. ಇಮ್ಯಾನುಯೆಲ್ ನಡುತೊಲೆಯ ಕೆಳಗೆ, ಅವಳಿಗೆ ಆದಷ್ಟು ಹತ್ತಿರ ನಿಂತಿದ್ದ. ಫೋಟೋದವನು ಎರಡು ಸಲ ಸರಿಯಿರಿ ಎಂದರೂ ಸರಿಯಲಿಲ್ಲ. ಅಂದು ಧಾರವಾಡದಲ್ಲಿ ಭೂಕಂಪ ಆಗಲಿಲ್ಲ. ಪ್ರೊಫೆಸರ್ ಇಮ್ಯಾನುಯೆಲ್ ಅವರ ಮುನ್ಸೂಚನೆ ನಿಜವಾಯಿತು.